ಹೊಲದ ಬೆಲೆ, ಪಹಣಿಯ ಬೆಲೆ

ಆಳಂದ ತಾಲ್ಲೂಕಿನ ನರೋಣಾದಂಥ ಹೋಬಳಿ ಊರಿನಲ್ಲಿ ನಾಲ್ಕು ಎಕರೆ ಹೊಲ ಕೊಂಡು, ಹತ್ತು ವರ್ಷ ಬಿಟ್ಟು ಮಾರಿದರೆ ಲಾಭ ಖಂಡಿತ ಎಂದು ನಂಬುವವರು ಬಹಳ. ಹೊಸಬರು ಮೊದಲು ಮಣ್ಣು ನೋಡುತ್ತಾರೆ, ರಸ್ತೆ ನೋಡುತ್ತಾರೆ, ದರ ಕೇಳುತ್ತಾರೆ, ಮುಂಗಡವನ್ನೂ ಕೊಡುತ್ತಾರೆ. ಕಾಗದ ನೋಡುವುದು ಕಟ್ಟಕಡೆಗೆ. ಈ ಸೀಮೆಯ ಚರಿತ್ರೆ ಬಲ್ಲವರ ಕ್ರಮ ಇದಕ್ಕೆ ತಿರುಗುಮುರುಗು. ಏಕೆಂದರೆ ಇಲ್ಲಿ ಮೂವತ್ತು ವರ್ಷಗಳೊಳಗೆ ಹೊಲದ ಒಡೆಯ ಯಾರೆಂಬ ಪ್ರಶ್ನೆಗೆ ಉತ್ತರ ಹಲವು ಸಲ ಬದಲಾಗಿದೆ.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಎಲ್ಲ ಭೂಮಿಯೂ ಒಂದೇ ಬಗೆಯದಾಗಿರಲಿಲ್ಲ. ಸುಮಾರು 60 ಭಾಗ ಸರಕಾರ ನೇರವಾಗಿ ಕಂದಾಯ ಎತ್ತುತ್ತಿದ್ದ ದಿವಾನಿ ಪ್ರದೇಶ. 10 ಭಾಗ ನಿಜಾಮರ ಸ್ವಂತ ಖರ್ಚಿನ ಸರ್ಫೆ ಖಾಸ್. ಉಳಿದ 30 ಭಾಗ ಜಾಗೀರುದಾರರದು, ಪಾಯಿಗಾ ಮನೆತನಗಳದು. ಆಳಂದ ಪಾಯಿಗಾ ಸೀಮೆಗೆ ಸೇರಿತ್ತು. ದಿವಾನಿ ಪ್ರದೇಶದಲ್ಲಿ ಮೊದಲನೆಯ ಸಾಲಾರ್ ಜಂಗ್ 1865ರ ಜಿಲ್ಲಾಬಂದಿಯಿಂದ ಆಡಳಿತವನ್ನು ಬಿಗಿಗೊಳಿಸಿದ. ಮುಂದೆ ಸರ್ವೆ ಆಗಿ, ರೈತನ ಹೆಸರಿಗೆ ಪಟ್ಟಾ ಬಂತು. ಜಾಗೀರಿನಲ್ಲಿ ಮಾತ್ರ ಕಂದಾಯವೂ ದರ್ಬಾರೂ ಜಾಗೀರುದಾರನದೇ. ಉಳುವವನ ಹಕ್ಕು ಅವನ ಕಚೇರಿಯ ಮರ್ಜಿಯಲ್ಲಿತ್ತು. ಅಂಥ ಹೊಲಕ್ಕೆ ಬೆಲೆ ಕಟ್ಟುವುದಾದರೂ ಹೇಗೆ?

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಗಾಳಿ ಬದಲಾಯಿತು. 1949ರ ಆಗಸ್ಟಿನಲ್ಲಿ ಜಾಗೀರು ರದ್ದಾಯಿತು. 1950ರ ಹೈದರಾಬಾದ್ ಗೇಣಿ ಕಾನೂನು ‘ರಕ್ಷಿತ ಗೇಣಿದಾರ’ ಎಂಬ ಹೊಸ ಮನುಷ್ಯನನ್ನು ಸೃಷ್ಟಿಸಿತು. ಅವನನ್ನು ಸುಮ್ಮನೆ ಎಬ್ಬಿಸುವಂತಿಲ್ಲ. ತಾನು ಉಳುವ ಹೊಲವನ್ನು ಕೊಳ್ಳುವ ಹಕ್ಕೂ ಅವನಿಗಿತ್ತು. ಆಗ ತಯಾರಾದದ್ದೇ 1954-55ರ ಖಾಸ್ರಾ ಪಹಣಿ. ಯಾವ ಸರ್ವೆ ನಂಬರು, ಯಾರ ಪಟ್ಟಾ, ಉಳುವವರು ಯಾರು ಎಂದು ಊರೂರಿಗೆ ಹೋಗಿ ಬರೆದ ದಾಖಲೆ ಅದು. ಇಂದಿಗೂ ಈ ಭಾಗದ ಜಮೀನು ವ್ಯಾಜ್ಯಗಳಲ್ಲಿ ವಕೀಲರು ಹುಡುಕಿ ತೆಗೆಯುವ ಕಾಗದ ಅದೇ. ಅದಕ್ಕೂ ಹಿಂದಿನವು ಉರ್ದುವಿನಲ್ಲಿವೆ, ಫಸಲಿ ಲೆಕ್ಕದಲ್ಲಿವೆ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಸರಿಸುಮಾರು ಇಸವಿ ಸಿಗುತ್ತದೆ. ಉರ್ದು ಓದಬಲ್ಲ ಹಿರಿಯರೊಬ್ಬರ ಸ್ನೇಹ ಜಮೀನು ಕೊಳ್ಳುವವರಿಗೆ ದಲ್ಲಾಳಿಯ ಸ್ನೇಹಕ್ಕಿಂತ ಹೆಚ್ಚು ಉಪಯೋಗದ್ದು.

1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಭೂಸುಧಾರಣಾ ಕಾಯ್ದೆ ಕಾಗದದ ಮೇಲೆಯೇ ಹೆಚ್ಚಾಗಿ ಉಳಿದಿತ್ತು. ದೇವರಾಜ ಅರಸು ಕಾಲದ ತಿದ್ದುಪಡಿ ಅದಕ್ಕೆ ಹಲ್ಲು ಕೊಟ್ಟಿತು. 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಹೊಲಗಳು ಸರಕಾರಕ್ಕೆ ಸೇರಿದವು. ಉಳುತ್ತಿದ್ದವರು ಫಾರಂ 7 ತುಂಬಿ ಹಕ್ಕು ಕೇಳಬೇಕಾಯಿತು. ಪಾಲಿಗೆ, ಲಾವಣಿಗೆ ಮಾಡುತ್ತಿದ್ದ ಎಷ್ಟೋ ಮನೆಗಳಿಗೆ ಅದು ಮೊದಲ ಸ್ವಂತ ಹೊಲ. ಬಾಯಿಮಾತಿನ ಒಪ್ಪಂದದಲ್ಲಿ ಉಳುತ್ತಿದ್ದು, ಪಹಣಿಯ ಸಾಗುವಳಿದಾರರ ಕಲಮಿನಲ್ಲಿ ಹೆಸರಿಲ್ಲದವರಿಗೆ ಹಕ್ಕು ಸಾಧಿಸುವುದು ಕಷ್ಟವಾಯಿತು. ಒಂದು ಕಲಮು ಒಂದು ಮನೆತನದ ಅನ್ನವನ್ನೇ ನಿರ್ಧರಿಸಿದ ಕಾಲ ಅದು.

ಇನ್ನೊಂದು ಕಾನೂನನ್ನು ಹೊಸಬರು ಮರೆಯುವುದೇ ಹೆಚ್ಚು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಅಥವಾ ಸರಕಾರದ ಅನುಮತಿಯಿಲ್ಲದೆ ಕೊಂಡರೆ, 1978ರ ಕಾಯ್ದೆಯ ಪ್ರಕಾರ ಆ ಖರೀದಿ ಅಸಿಂಧು. ನಾಲ್ಕು ಕೈ ಬದಲಾಗಿದ್ದರೂ ಅಷ್ಟೇ. ಸಾಲಕ್ಕೋ ಮದುವೆಗೋ ಚಿಲ್ಲರೆ ಕಾಸಿಗೆ ಹೊಲ ಕಳೆದುಕೊಂಡ ಕುಟುಂಬಗಳಿಗಾಗಿ ಬಂದ ಕಾಯ್ದೆ ಇದು. ಕೊಂಡವನು ಗೊತ್ತಿರಲಿಲ್ಲ ಎಂದರೆ ನಡೆಯದು. ಹಕ್ಕು ಕೇಳಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿತು.

ಕೃಷಿಕರಲ್ಲದವರು ಹೊಲ ಕೊಳ್ಳುವುದಕ್ಕೆ 1974ರಿಂದ ಇದ್ದ ಅಡ್ಡಿ 79ಎ ಮತ್ತು 79ಬಿ ಕಲಮುಗಳದು. ವರಮಾನದ ಮಿತಿ 2015ರಲ್ಲಿ 25 ಲಕ್ಷಕ್ಕೇರಿತು; 2020ರಲ್ಲಿ ಆ ಕಲಮುಗಳೇ ಹೋದವು. ಪೇಟೆಯ ಹಣ ಹಳ್ಳಿಗೆ ನುಗ್ಗುತ್ತದೆ ಎಂದು ರೈತಸಂಘಟನೆಗಳು ವಿರೋಧಿಸಿದವು. ಆತಂಕ ಸುಳ್ಳೇನಲ್ಲ. ತೊಗರಿಯ ಕಪ್ಪು ಮಣ್ಣು ಮಳೆ ಕೈಕೊಟ್ಟ ವರ್ಷ ಮಾರಾಟಕ್ಕೆ ಬಂದರೆ, ದರ ಹೇಳುವವನು ಕೊಳ್ಳುವವನೇ.

ಇದೇ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಸ್ಥಾಪನೆ 2009. ಇಂಥದೊಂದು ಎಲ್ಲಿ ಬಂದರೂ ಬೆನ್ನಿಗೇ ಪ್ಲಾಟಿನ ಮಾತು ಬರುತ್ತದೆ. ಹೊಲದಲ್ಲಿ ಕಲ್ಲು ನೆಟ್ಟ ಮಾತ್ರಕ್ಕೆ ಅದು ನಿವೇಶನವಾಗದು; ಕಂದಾಯ ಕಾಯ್ದೆಯ 95ನೇ ಕಲಮಿನಂತೆ ಎನ್.ಎ. ಆಗಿರಬೇಕು. ನೋಂದಣಿ ಆದದ್ದರಿಂದಲೇ ಮಾರಿದವನ ಒಡೆತನ ಸಾಬೀತಾಗುವುದಿಲ್ಲ. ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿ ನಿಂತ ಮೇಲೆ ಹೊಸ ತಿದ್ದುಗಳು ಕಡಿಮೆಯಾಗಿವೆ, ನಿಜ. ಹಳೆಯ ತಪ್ಪು ಗಣಕಯಂತ್ರದಲ್ಲಿ ಅಚ್ಚಾಗಿ ಬಂದರೂ ತಪ್ಪೇ. ಆದ್ದರಿಂದ ಋಣಭಾರ ಪತ್ರದ ಜತೆಗೆ ಮ್ಯುಟೇಶನ್ ನಕಲುಗಳನ್ನು ಒಂದೊಂದಾಗಿ ಹಿಂದಕ್ಕೆ ಓದುತ್ತ ಖಾಸ್ರಾ ಪಹಣಿಯವರೆಗೆ ಹೋಗಬೇಕು. ಹಳೆಯ ನಕಲಿಗೆ ಅರ್ಜಿ ಕೊಡುವ ಜಾಗ ಆಳಂದದ ತಹಶೀಲ್ದಾರ್ ಕಚೇರಿ.