ಮುಂಬಯಿ ವೇಳೆಯೂ ಗಣಕಯಂತ್ರದ ಗಡಿಯಾರವೂ

ಗಡಿಯಾರ ತಪ್ಪಿದೆಯೆನ್ನುವಾಗ ನಾವು ಎರಡು ಬೇರೆ ಬೇರೆ ದೋಷಗಳನ್ನು ಒಂದೇ ಹೆಸರಿನಿಂದ ಕರೆಯುತ್ತೇವೆ. ಯಂತ್ರವು ನಿಧಾನವಾಗಿಯೋ ವೇಗವಾಗಿಯೋ ನಡೆಯುವುದು ಒಂದು. ಯಂತ್ರ ಸರಿಯಾಗಿಯೇ ನಡೆಯುತ್ತಿದ್ದು, ಅದಕ್ಕೆ ಗೊತ್ತುಮಾಡಿದ ಅಳತೆ ಬೇರೆಯಾಗಿರುವುದು ಇನ್ನೊಂದು. ಠಾಣೆ-ಕಲ್ಯಾಣ ಪ್ರಾಂತದ ಚರಿತ್ರೆಯಿಂದ ಈ ಭೇದ ಸ್ಪಷ್ಟವಾಗುತ್ತದೆ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ರೈಲು ಓಡಿತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಆ ಕಾಲಕ್ಕೆ ಊರೂರಿಗೂ ತನ್ನದೇ ಮಧ್ಯಾಹ್ನವಿತ್ತು. ರೇಖಾಂಶದಲ್ಲಿ ಒಂದು ಅಂಶ ಪೂರ್ವಕ್ಕೆ ಸರಿದರೆ ಸೂರ್ಯನು ನಾಲ್ಕು ನಿಮಿಷ ಮೊದಲೇ ನೆತ್ತಿಗೇರುತ್ತಾನೆ. ಮುಂಬಯಿಗಿಂತ ಕಲ್ಯಾಣದ ವೇಳೆ ಸುಮಾರು ಒಂದು ನಿಮಿಷ ಮುಂದು. ಧಾರವಾಡದ್ದು ಸುಮಾರು ಒಂಬತ್ತು ನಿಮಿಷ ಮುಂದು. ಎತ್ತಿನ ಗಾಡಿಗೆ ಈ ಅಂತರ ಲೆಕ್ಕಕ್ಕಿಲ್ಲ. ಒಂದೇ ಹಳಿಯ ಮೇಲೆ ಎದುರುಬದುರಾಗುವ ರೈಲುಗಳಿಗೆ ಅದು ಪ್ರಾಣದ ಪ್ರಶ್ನೆ. ಆದುದರಿಂದ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲ್ವೆಗಳು ಮದ್ರಾಸ್ ವೇಳೆಯನ್ನು ಅಂಗೀಕರಿಸಿದವು. ಅದು ಮುಂಬಯಿ ವೇಳೆಗಿಂತ ಸುಮಾರು 30 ನಿಮಿಷ ಮುಂದು. ಠಾಣೆಯಿಂದ ರೈಲು ಹತ್ತಿ ಮುಂಬಯಿಗೆ ಬಂದವನಿಗೆ ರೈಲ್ವೆಯದೊಂದು, ನಗರದ್ದೊಂದು ವೇಳೆ ಎದುರಾಗುತ್ತಿತ್ತು. ಎರಡರಲ್ಲಿ ಯಾವುದೂ ತಪ್ಪಾಗಿರಲಿಲ್ಲ.

1881ರಲ್ಲಿ ಗವರ್ನರ್ ಜೇಮ್ಸ್ ಫರ್ಗುಸನ್ನರ ಸರ್ಕಾರವು ಮದ್ರಾಸ್ ವೇಳೆಯನ್ನು ಮುಂಬಯಿಯಲ್ಲಿ ಬಳಕೆಗೆ ತರಲು ಯತ್ನಿಸಿತು. ಜನರ ವಿರೋಧದಿಂದ 1883ರಲ್ಲಿ ಅದನ್ನು ಕೈಬಿಟ್ಟಿತು. 1906ರ ಜನವರಿ 1ರಿಂದ ಭಾರತೀಯ ಪ್ರಮಾಣ ವೇಳೆ ಜಾರಿಗೆ ಬಂದಿತು. ಇದು ಮುಂಬಯಿ ವೇಳೆಗಿಂತ 39 ನಿಮಿಷ ಮುಂದು. ಗಿರಣಿಯ ಬಾಗಿಲು ತೆರೆಯುವ ಗಂಟೆಯ ಅಂಕಿ ಬದಲಾಗದಿದ್ದರೂ ಸೂರ್ಯನ ಲೆಕ್ಕದಲ್ಲಿ ಕಾರ್ಮಿಕನು 39 ನಿಮಿಷ ಮೊದಲೇ ದುಡಿಮೆಗೆ ನಿಲ್ಲಬೇಕಾಯಿತು. ಅದೇ ತಿಂಗಳು ಜಾಕೋಬ್ ಸಸೂನ್ ಗಿರಣಿಯ ಕಾರ್ಮಿಕರು ಪ್ರತಿಭಟಿಸಿದರು. ನಗರಸಭೆಯಂತೂ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಹಳೆಯ ವೇಳೆಯನ್ನೇ ಉಳಿಸಿಕೊಂಡಿತ್ತು.

ಈಗ ಇದೇ ಪ್ರಾಂತದ ಐರೋಲಿ, ಮಹಾಪೆಗಳಲ್ಲಿ ಗಣಕಯಂತ್ರಗಳ ಕಟ್ಟಡಗಳೆದ್ದಿವೆ. ಡೊಂಬಿವಲಿಯ ಮನೆಗಳಲ್ಲಿಯೂ ಆ ಯಂತ್ರ ನೆಲೆಸಿದೆ. ಅದರ ಗಡಿಯಾರ ತಪ್ಪಿದರೆ ಬ್ಯಾಂಕಿನ ಜಾಲತಾಣವೂ ತೆರೆಯದೆ ಹೋಗಬಹುದು. ಆಗಲೂ ಮೊದಲು ಪರಿಶೀಲಿಸಬೇಕಾದುದು ಅಂತರದ ಸ್ವರೂಪವನ್ನು. ಯಂತ್ರದೊಳಗಿನ ಸ್ಫಟಿಕವು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೂ ದಿನಕ್ಕೆ 1.7 ಸೆಕೆಂಡು ವ್ಯತ್ಯಾಸವಾಗುತ್ತದೆ. ಅಂತರವು ಹೀಗೆ ದಿನದಿನವೂ ಬೆಳೆಯುತ್ತಿದ್ದರೆ ದೋಷ ಸ್ಫಟಿಕದ್ದು; ಅಂತರ್ಜಾಲದ ಮೂಲಕ ಪ್ರಮಾಣ ವೇಳೆಯೊಡನೆ ಆಗಾಗ ಹೊಂದಿಸುವುದೇ ಅದಕ್ಕೆ ಪರಿಹಾರ. ವಿದ್ಯುತ್ತನ್ನು ತೆಗೆದೊಡನೆ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋದರೆ ನಾಣ್ಯದಾಕಾರದ ಬ್ಯಾಟರಿ ತೀರಿರುವ ಸಂಭವವೇ ಹೆಚ್ಚು. ಅಂತರವು ಸರಿಯಾಗಿ ಐದೂವರೆ ಗಂಟೆಯಾಗಿದ್ದರೆ ಯಂತ್ರದಲ್ಲಿ ದೋಷವಿಲ್ಲ. ವಿಶ್ವವೇಳೆಗೂ ಭಾರತೀಯ ವೇಳೆಗೂ ಗೊಂದಲವಾಗಿದೆ. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟವರು ಇದನ್ನು ಕಂಡಿರಬಹುದು: ಮೊದಲನೆಯದು ಒಳಗಡಿಯಾರವನ್ನು ಸ್ಥಳೀಯ ವೇಳೆಯೆಂದು ಓದುತ್ತದೆ, ಎರಡನೆಯದು ಸಾಮಾನ್ಯವಾಗಿ ವಿಶ್ವವೇಳೆಯೆಂದು. ಇಲ್ಲಿ ಮುಳ್ಳನ್ನು ತಿರುಗಿಸಿ ಫಲವಿಲ್ಲ. ಎರಡಕ್ಕೂ ಒಂದೇ ಅಳತೆಯನ್ನು ಗೊತ್ತುಮಾಡಬೇಕು.

ಅಳತೆಯನ್ನು ಬದಲಿಸಿದರೆ ಯಂತ್ರವು ದೂರುವುದಿಲ್ಲ. 1906ರ ಕಾರ್ಮಿಕರು ದೂರಿದರು. ಅವರನ್ನು ಪ್ರಗತಿಯ ವಿರೋಧಿಗಳೆಂದೋ ಲೆಕ್ಕವರಿಯದವರೆಂದೋ ತಳ್ಳಿಹಾಕುವುದು ಚರಿತ್ರಕಾರನಿಗೆ ತಕ್ಕುದಲ್ಲ. ದೇಶಕ್ಕೆ ಒಂದೇ ವೇಳೆ ಬೇಕಾಗಿದ್ದುದು ನಿಜ. ಅದರ ಬೆಲೆಯನ್ನು ನಿದ್ದೆಯಿಂದ ತೆತ್ತವರು ಅವರೆಂಬುದೂ ಅಷ್ಟೇ ನಿಜ.