ನೀರುಗಂಟಿಯ ಕೈ
ಕೋಲಾರದ ನಮ್ಮ ಸೀಮೆಯಲ್ಲಿ ಯಾವ ಕೆರೆಯೂ ಒಂಟಿಯಲ್ಲ. ಮೇಲಿನ ಕೆರೆ ಕೋಡಿ ಹರಿದರೆ ಆ ನೀರು ಕೆಳಗಿನದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಕೋಡಿಯ ಮೇಲೆ ಯಾರೋ ಎರಡು ಸಾಲು ಕಲ್ಲು ಏರಿಸಿದರೆ ಕೆಳಗಿನೂರಿನ ಗದ್ದೆ ಒಣಗುತ್ತಿತ್ತು, ಮೇಲಿನೂರಿನ ಹಿನ್ನೀರಿನ ಹೊಲ ಮುಳುಗುತ್ತಿತ್ತು.

ಇದೆಲ್ಲ ಬಲ್ಲವನು ನೀರುಗಂಟಿ, ಹೆಚ್ಚಾಗಿ ದಲಿತ ಮನೆತನದವನು. ತೂಬಿನ ಕಲ್ಲುಕಂಬಗಳ ನಡುವೆ ನಿಂತು, ಕೆರೆಯ ಮಟ್ಟ ನೋಡಿ, ಎಷ್ಟು ನೀರು ಬಿಡಬೇಕೆಂದು ಅಳೆಯುತ್ತಿದ್ದ. ಕೂಲಿ ಸುಗ್ಗಿಯಲ್ಲಿ, ಧಾನ್ಯದ ರೂಪದಲ್ಲಿ. ಇಡೀ ಅಚ್ಚುಕಟ್ಟು ಬೆಳೆದರೆ ಮಾತ್ರ ಅವನ ಪಾಲೂ ತುಂಬುತ್ತಿತ್ತು. ಆ ಏರ್ಪಾಡಿನ ಜಾಣ್ಮೆಗೆ ನಾನು ತಲೆಬಾಗುತ್ತೇನೆ. ಅವನಿಗೆ ಸಿಗಬೇಕಾದ ಗೌರವ ಮಾತ್ರ ಊರು ಕೊಡಲಿಲ್ಲ.

ಇಂಥದೇ ಕೆರೆಗಳ ಸಾಲಿದ್ದ ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದ ಕೊಳಾಯಿ ನೀರು ಬಂತು. ಊರೊಳಗಿನ ಕೆರೆಗಳ ಹಂಗು ತಪ್ಪಿತು. ಮುಂದೆ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಆದರೆ ಇಳಿಜಾರು ಬದಲಾಗಲಿಲ್ಲ. ಬೆಳ್ಳಂದೂರಿನ ನೀರು ಇಂದಿಗೂ ವರ್ತೂರಿಗೇ ಇಳಿಯುತ್ತದೆ. 2022ರ ಸೆಪ್ಟೆಂಬರ್ ಮಳೆಗೆ ಆ ಭಾಗದ ಬಡಾವಣೆಗಳು ಮುಳುಗಿದವು.

ನಿಮ್ಮೂರ ಕೆರೆಯ ಹೂಳೆತ್ತಲು ಹಣ ಕೂಡಿಸುವ ಮೊದಲು, ಮೇಲಿನ ಕೆರೆಯ ಕೋಡಿಯಿಂದ ಕಾಲುವೆಗುಂಟ ಒಮ್ಮೆ ನಡೆದು ಬನ್ನಿ. ಒತ್ತುವರಿ ಎಲ್ಲಿದೆಯೋ ಅಲ್ಲಿಂದಲೇ ಕೆಲಸ ಶುರುಮಾಡಿ.