ನೆಗಳೂರಿನ ಕಲ್ಲು, ಬಾನಿನ ಬೆಳಕು

ರಾತ್ರಿಯ ಊಟ ಮುಗಿಸಿ ಗಾಳಿಗೆಂದು ಮಾಳಿಗೆ ಏರಿದವರಿಗೆ ಹುಬ್ಬಳ್ಳಿ-ಧಾರವಾಡಗಳಲ್ಲಿ ಒಮ್ಮೊಮ್ಮೆ ಬೆರಗೊಂದು ಕಾದಿರುತ್ತದೆ. ಚಿಕ್ಕೆಗಳ ನಡುವಿನಿಂದ ಒಂದು ಚಿಕ್ಕೆ ಸದ್ದಿಲ್ಲದೆ ನಡೆಯತೊಡಗುತ್ತದೆ, ನಡುಬಾನಿನಲ್ಲಿಯೇ ಆರಿಹೋಗುತ್ತದೆ. ಇನ್ನೊಮ್ಮೆ ಬೆಂಕಿಯ ಗೆರೆಯೊಂದು ರೆಪ್ಪೆ ಬಡಿಯುವುದರೊಳಗೆ ಮಾಯವಾಗುತ್ತದೆ. ಏನದು? ಈ ಪ್ರಶ್ನೆ ಹೊಸದಲ್ಲ. ನಮ್ಮ ನೆಲದಲ್ಲಿಯೇ ಅದಕ್ಕೊಂದು ಇತಿಹಾಸವುಂಟು.

ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಇಂಥ ಬೆಳಕುಗಳನ್ನು ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆಯಾಗಿ ವಿಂಗಡಿಸಿದನು. ಅವುಗಳ ಆಕಾರವನ್ನು ಬಹು ಸೂಕ್ಷ್ಮವಾಗಿ ವರ್ಣಿಸಿದನು. ಆದರೆ ಅವುಗಳ ಫಲವನ್ನು ರಾಜನ ಕೇಡು, ನಾಡಿನ ಕೇಡುಗಳಲ್ಲಿ ಹುಡುಕಿದನು. ಕಂಡದ್ದು ನಿಜ, ಅದರಿಂದ ಕಟ್ಟಿದ್ದು ಭಯ.

ಯುರೋಪಿನ ಪಂಡಿತರ ತೊಡಕು ಬೇರೆಯದು. ಬಾನಿನಿಂದ ಕಲ್ಲು ಬಿತ್ತೆಂದು ಹಳ್ಳಿಗರು ಹೇಳಿದರೆ ಅವರು ನಕ್ಕುಬಿಡುತ್ತಿದ್ದರು. 1794ರಲ್ಲಿ ಜರ್ಮನಿಯ ಕ್ಲಾಡ್ನಿ, ಇವು ಭೂಮಿಯ ಹೊರಗಿನಿಂದ ಬಂದವೆಂದು ವಾದಿಸಿದನು. 1803ರಲ್ಲಿ ಫ್ರಾನ್ಸಿನ ಒಂದು ಊರಿನ ಸುತ್ತ ಸಾವಿರಾರು ಕಲ್ಲುಗಳು ಬಿದ್ದಾಗ ಬಿಯೊ ಎಂಬ ವಿಜ್ಞಾನಿ ಹಳ್ಳಿಹಳ್ಳಿಗೂ ಹೋಗಿ ಕಂಡವರ ಮಾತನ್ನು ಬರೆದುಕೊಂಡನು. ಒಬ್ಬರ ಹೇಳಿಕೆ ಇನ್ನೊಬ್ಬರದಕ್ಕೆ ಹೊಂದಿತು, ನಗುವವರು ಸುಮ್ಮನಾದರು.

ಅಂದಿನ ಧಾರವಾಡ ಕಲೆಕ್ಟರೇಟಿಗೆ ಸೇರಿದ್ದ ನೆಗಳೂರಿನಲ್ಲಿ, ವರದಾ-ತುಂಗಭದ್ರೆಯರ ಸಂಗಮದಿಂದ ಕೆಲವೇ ಮೈಲಿ ದೂರದಲ್ಲಿ, 1848ರ ಫೆಬ್ರುವರಿ 15ರಂದು ಬಾನಿನಿಂದ ಒಂದು ಕಲ್ಲು ಬಿತ್ತು. ಆ ಊರು ಇಂದು ಹಾವೇರಿ ಜಿಲ್ಲೆಯಲ್ಲಿದೆ. ಕಲ್ಲಿನ ತೂಕ ಸುಮಾರು 1.8 ಕಿಲೋಗ್ರಾಂ. ಅದನ್ನು ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕ ಡಾಕ್ಟರ್ ಜಿರಾಡ್ ಪರೀಕ್ಷಿಸಿದನು. ಜಗತ್ತಿನ ಉಲ್ಕೆಗಳ ಪಟ್ಟಿಯಲ್ಲಿ ಅದರ ಹೆಸರು ‘ಧಾರವಾಡ’. ಅದನ್ನು ಎತ್ತಿಟ್ಟವರಿಲ್ಲದಿದ್ದರೆ, ದಿನವನ್ನು ಬರೆದಿಟ್ಟವರಿಲ್ಲದಿದ್ದರೆ, ಅದು ಹೊಲದ ಬದುವಿನಲ್ಲಿ ಇನ್ನೊಂದು ಕಲ್ಲಾಗಿ ಉಳಿಯುತ್ತಿತ್ತು!

ಮುಂದೆ ಬಾನಿಗೆ ಮನುಷ್ಯನೇ ಬೆಳಕುಗಳನ್ನು ಕಳುಹಿಸಿದನು. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಅದು ಎಂಟನೆಯ ವರ್ಷದಲ್ಲಿದ್ದಾಗ, 1957ರ ಅಕ್ಟೋಬರ್ 4ರಂದು, ರಷ್ಯದ ಸ್ಪುಟ್ನಿಕ್ ಹಾರಿತು. ಅದರ ‘ಬೀಪ್ ಬೀಪ್’ ಸದ್ದನ್ನು ಜಗತ್ತಿನ ರೇಡಿಯೋ ಹವ್ಯಾಸಿಗಳು ಹಿಡಿದರು. ಸ್ಪುಟ್ನಿಕ್ ಕೇವಲ 58 ಸೆಂಟಿಮೀಟರಿನ ಗೋಳ. ಜನ ಬರಿಗಣ್ಣಿನಿಂದ ಕಂಡದ್ದು ಹೆಚ್ಚಾಗಿ ಅದರೊಡನೆ ಸುತ್ತುತ್ತಿದ್ದ ರಾಕೆಟ್ಟನ್ನು. 1960ರಲ್ಲಿ ಅಮೆರಿಕದ ಎಕೋ ಎಂಬ 30 ಮೀಟರ್ ಅಗಲದ ಬೆಲೂನು ಹೊಳೆಯುವ ಚಿಕ್ಕೆಯಂತೆ ತೇಲಿತು. 1975ರ ಏಪ್ರಿಲ್ 19ರಂದು, ಬೆಂಗಳೂರಿನಲ್ಲಿ ಸಿದ್ಧವಾದ ನಮ್ಮದೇ ಆರ್ಯಭಟ ಮೇಲೇರಿತು.

2021ರ ಡಿಸೆಂಬರಿನಲ್ಲಿ ಉಡುಪಿ, ಮಂಗಳೂರುಗಳ ಜನ ದೀಪಮಾಲೆಯೊಂದು ಸಾಲಾಗಿ ಸಾಗಿದ್ದನ್ನು ಕಂಡು ಬೆಚ್ಚಿದರು. ಅವು ಸ್ಟಾರ್‌ಲಿಂಕ್ ಉಪಗ್ರಹಗಳು. ಒಂದೇ ರಾಕೆಟ್ಟಿನಿಂದ ಹತ್ತಾರು ಉಪಗ್ರಹಗಳನ್ನು ಬಿಡುವುದರಿಂದ ಮೊದಲ ಕೆಲವು ದಿನ ಅವು ಹೀಗೆ ಸಾಲುಗಟ್ಟಿ ಕಾಣುತ್ತವೆ.

ಇವುಗಳಿಗೆ ಸ್ವಂತ ಬೆಳಕಿಲ್ಲ. ನಮಗೆ ಕತ್ತಲಾದರೂ ನೂರಾರು ಕಿಲೋಮೀಟರ್ ಮೇಲಿರುವ ಅವುಗಳಿಗೆ ಬಿಸಿಲು ತಾಗುತ್ತಿರುತ್ತದೆ. ಭೂಮಿಯ ನೆರಳಿಗೆ ಸರಿದೊಡನೆ ಆರಿದಂತಾಗುತ್ತವೆ. ಆದುದರಿಂದಲೇ ಮುಸ್ಸಂಜೆಯ ನಂತರ, ಬೆಳಗಿನ ಜಾವಕ್ಕೆ ಅವು ಹೆಚ್ಚು ಕಾಣುವುದು. ಉಲ್ಕೆಯಾದರೋ ಗಾಳಿಯನ್ನು ಹೊಕ್ಕು ಕಾದು ಉರಿದು, ಒಂದೆರಡು ಗಳಿಗೆಯೇಕೆ, ಸಾಮಾನ್ಯವಾಗಿ ಒಂದೆರಡು ಕ್ಷಣದಲ್ಲಿ ಮುಗಿಯುತ್ತದೆ.

ಮುಂದಿನ ಸಲ ಅಂಥ ಬೆಳಕು ಕಂಡರೆ ಮಕ್ಕಳನ್ನು ಒಳಗೆ ಕರೆಯಬೇಡಿ, ಹೊರಗೆ ಕರೆಯಿರಿ. ಗಡಿಯಾರ ನೋಡಿ. ಯಾವ ದಿಕ್ಕಿನಿಂದ ಬಂತು, ಎಷ್ಟು ಹೊತ್ತು ಇತ್ತು, ಸದ್ದು ಮಾಡಿತೆ ಎಂಬುದನ್ನು ಚೀಟಿಯಲ್ಲಿ ಬರೆದಿಡಿ. ನೆಗಳೂರಿನ ಕಲ್ಲು ಇತಿಹಾಸ ಸೇರಿದ್ದು ಅಷ್ಟರಿಂದಲೇ.